ಪಲೆರ್ಮೋದಲ್ಲಿ ತಮ್ಮಾರೋ ಸುಟ್ಟ ಪಿಜ್ಜಾ

ನೇಪಲ್ಸಿನ ಸಾನಿತಾ ಕೇರಿಯಲ್ಲಿ ಸೌದೆ ಒಲೆಯ ಮುಂದೆ ನಿಂತೇ ತಲೆ ನರೆಸಿಕೊಂಡ ತಮ್ಮಾರೋ, ಮೊದಲ ಹೆಂಡತಿ ತೀರಿಕೊಂಡ ಮೇಲೆ ಸಮುದ್ರದಾಚೆಯ ಪಲೆರ್ಮೋದ ವಿಧವೆ ಕಲೋಜೆರಾಳನ್ನು ಮದುವೆಯಾದ. ಕೇರಿಯವರು ಯಾರೂ ಬೇಡ ಅನ್ನಲಿಲ್ಲ. ಆದರೆ ಮದುವೆಯಾದ ಮೊದಲ ಭಾನುವಾರವೇ ಅವಳು ಅವನ ಒಲೆ ತಣಿಯುವುದನ್ನು ಕಾದು, ಚೌಕ ತಟ್ಟೆಯಲ್ಲಿ ಹಿಟ್ಟನ್ನು ದಪ್ಪಗೆ ಹರಡಿ, ಈರುಳ್ಳಿ, ಉಪ್ಪುಮೀನು ಹಾಕಿ, ಮೇಲೆ ಬ್ರೆಡ್ಡಿನ ಪುಡಿ ಉದುರಿಸಿ ಬೇಯಿಸಿದಾಗ, ಅಕ್ಕಪಕ್ಕದವರು ಸಾವಿನ ಮನೆಗೆ ಬಂದವರ ಹಾಗೆ ಬಂದು, ಸುಮ್ಮನೆ ಕೂತು, ಎದ್ದು ಹೋದರು.

"ಇದು ಪಿಜ್ಜಾ ಅಲ್ಲ," ಎಂದ ತಮ್ಮಾರೋ.

"ನಾನೆಲ್ಲಿ ಪಿಜ್ಜಾ ಅಂದೆ? ಇದು ನಮ್ಮೂರಿನ ಸ್ಫಿಂಚೋನೆ. ನಿನ್ನದು ಒದ್ದೆ ಕರ್ಚೀಫಿನ ಹಾಗೆ ಜೋತು ಬೀಳುತ್ತೆ, ನಾನೇನಾದ್ರೂ ಅಂದ್ನಾ?"

ಮುಂದೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೇರೆ ಮಾತುಗಳೂ ಕಡಿಮೆಯಾದವು.

ಚಳಿಗಾಲಕ್ಕೆ ಮುಂಚೆ ಕಲೋಜೆರಾಳ ತಮ್ಮ ರೊಸೊಲಿನೋನ ಮೊಮ್ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ಸಮಾರಂಭವಿತ್ತು. ಗಂಡ ಹೆಂಡತಿ ಹಡಗಿನಲ್ಲಿ ಪಲೆರ್ಮೋಗೆ ಹೋದರು. ತಮ್ಮಾರೋ ದಾರಿಯುದ್ದಕ್ಕೂ, ಪಿಜ್ಜಾಗೆಂದು ತಂದ ಚೀಸಿನ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ.

"ಭಾವ, ನಿಮ್ಮೂರಿನ ಕೈಚಳಕ ತೋರಿಸಿ ನೋಡೋಣ," ಎಂದ ರೊಸೊಲಿನೋ. ಹಿತ್ತಲಲ್ಲಿ ಒಲೆಯಿತ್ತು. ತಮ್ಮಾರೋ ಅದನ್ನು ಕೆಂಡದಂತೆ ಕಾಯಿಸಿ, ಪಿಜ್ಜಾ ಒಳಗಿಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆಳೆದ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪಾಗಿತ್ತು, ನಡುವೆ ಟೊಮೆಟೊ ಚೀಸು ಕೆರೆಯಂತೆ ನಿಂತಿತ್ತು. ಅವನ ಪ್ರಕಾರ ಅದಕ್ಕಿಂತ ಚೆನ್ನಾಗಿ ಬರಲು ಸಾಧ್ಯವಿರಲಿಲ್ಲ.

ರೊಸೊಲಿನೋ ಅದರ ನಡುವೆ ಬೆರಳಿಟ್ಟು ಒತ್ತಿ ನೋಡಿದ.

"ಅವಸರ ಇಲ್ಲ ಭಾವ, ಇನ್ನೂ ಬೇಯ್ಲಿ."

"ಬೆಂದಿದೆ."

ಕಲೋಜೆರಾಳ ಚಿಕ್ಕಮ್ಮ ಅಗ್ರಿಪಿನಾ ಪಕ್ಕದವಳ ಕಿವಿಯಲ್ಲಿ, "ಪಾಪ, ಅವರೂರಲ್ಲಿ ಯಾರಿಗೂ ಹಲ್ಲಿಲ್ವಾ?" ಎಂದಳು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಎದ್ದು, ಪಿಜ್ಜಾದ ಮೇಲೆ ಬ್ರೆಡ್ಡಿನ ಪುಡಿ ಉದುರಿಸಿ ಮತ್ತೆ ಒಲೆಗಿಟ್ಟಳು. ತಮ್ಮಾರೋ ನೋಡುತ್ತ ನಿಂತ.

"ನಮ್ಮ ಸ್ಫಿಂಚೋನೆ ಮಠದ ಸನ್ಯಾಸಿನಿಯರು ಹಬ್ಬಕ್ಕೆ ಅಂತ ಕಂಡುಹಿಡಿದದ್ದು," ಎಂದ ರೊಸೊಲಿನೋ.

"ನಮ್ಮದು ಹಸಿದವರು ಕಂಡುಹಿಡಿದದ್ದು. ಅವರಿಗೆ ಕಾಯೋಕೆ ಪುರುಸೊತ್ತಿರಲಿಲ್ಲ."

"ಅದು ನೋಡಿದ್ರೇ ಗೊತ್ತಾಗುತ್ತೆ."

ಎಲ್ಲರೂ ನಕ್ಕರು. ತಮ್ಮಾರೋಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎರಡನೆಯ ಪಿಜ್ಜಾವನ್ನು ಒಲೆಯಿಂದ ತೆಗೆದು ಹಲಗೆಯ ಮೇಲಿಟ್ಟು, ಅಲ್ಲೇ ಬಿಟ್ಟ.

ಕಲೋಜೆರಾ ಎದ್ದು ಬಂದಳು. ಅದನ್ನು ಸಾನಿತಾದವರ ಹಾಗೆ ನಾಲ್ಕು ಮಡಿಕೆ ಮಡಿಚಿ, ನಿಂತಲ್ಲೇ ತಿನ್ನತೊಡಗಿದಳು. ಎಣ್ಣೆ ಮೊಣಕೈವರೆಗೆ ಹರಿದು ರೇಷ್ಮೆ ತೋಳಿಗೆ ಇಳಿಯಿತು. ಕಪ್ಪು ಅಂಚನ್ನೂ ಬಿಡದೆ ಮುಗಿಸಿ ಬಾಯಿ ಒರೆಸಿಕೊಂಡಳು.

"ರೊಸೊಲಿನೋ, ನಿನಗೆ ತಿನ್ನೋಕೆ ಬರಲ್ಲ, ಅಷ್ಟೇ. ಚಿಕ್ಕಮ್ಮ, ಆ ಪುಡಿ ಕೆಳಗಿಡಿ."

ಚಿಕ್ಕಮ್ಮ ಕೆಳಗಿಟ್ಟಳು. ಮುಂದಿನದನ್ನು ರೊಸೊಲಿನೋ ಮಡಿಚಲು ಹೋಗಿ ಮಗುವಿಗೆ ಹೆಸರಿಟ್ಟು ಊಟಕ್ಕೆ ಬಂದಿದ್ದ ಪಾದ್ರಿಗಳ ಬೂಟಿನ ಮೇಲೆ ಸುರಿದ. ಪಾದ್ರಿಗಳು ಮಾತ್ರ ಇನ್ನೊಂದು ಕೇಳಿದರು.

ಮರಳುವಾಗ ಹಡಗಿನಲ್ಲಿ ಅವಳು ತೋಳಿನ ಕಲೆ ತಿಕ್ಕುತ್ತ, "ನಡುವೆ ಹಸಿ ಇತ್ತು," ಎಂದಳು.

"ಅಲ್ಲೇ ಹೇಳಬಹುದಿತ್ತಲ್ಲ."

"ಅವರ ಮುಂದೆ ಯಾಕೆ ಹೇಳ್ಲಿ? ನಿನ್ನ ಜೊತೆ ಬಾಳೋದು ಅವರಾ ನಾನಾ?"

ನೇಪಲ್ಸಿನ ಹತ್ತಿರದ ಕಾಪ್ರಿ ದ್ವೀಪ ಕಾಣಿಸುವವರೆಗೂ ತಮ್ಮಾರೋ ಇದನ್ನೇ ಯೋಚಿಸಿದ. ಆಮೇಲೆ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ಅವರ ಒಲೆ ಸರಿಯಿರಲಿಲ್ಲ," ಎಂದ.

"ಒಲೆ ಸುಮಾರೇ," ಎಂದು ಕಲೋಜೆರಾ ಒಪ್ಪಿಕೊಂಡಳು.