ಆರನೆಯ ನಂಬರಿನ ಬನಿಯನ್

ನೀರಿನ ಕೊಳವೆ ಮತ್ತೆ ಉಗುಳುತ್ತಿದೆ, ಹಿಮದ ಬದಲು ಪ್ಲಾಸ್ಟಿಕ್ ಬ್ರಷ್ಷು ಹಾಸಿದ ಸ್ಕೀ ಇಳಿಜಾರು ನೆನೆದ ನಾಯಿಯ ಬೆನ್ನಿನ ಹಾಗೆ ಹೊಳೆಯುತ್ತಿದೆ, ಕ್ಯಾಮೆರಾದ ಗಾಜಿನ ಮೇಲೆ ಒಂದು ಹನಿ, ಬ್ರೆಟ್ ಅದನ್ನು ತೋಳಿನಿಂದ ಒರೆಸುತ್ತಾನೆ, ಒರೆಸಿದ ಜಾಗದಲ್ಲಿ ಕ್ರಾಂಪ್ಟನ್ ಮೇಷ್ಟರ ಮುಖ — ಅದೇ ಕೆಂಪು ಕತ್ತು, ಅದೇ ಸೀಟಿ, ಏಳು ವರ್ಷಕ್ಕೆ ಹೊಟ್ಟೆ ಒಂದು ಸುತ್ತು ಮುಂದೆ ಬಂದಿದೆ, ಅಷ್ಟೆ. ಬ್ರೆಟ್‌ನ ಗುರುತು ಹಿಡಿಯಲಿಲ್ಲ. ಗಡ್ಡ ನೋಡಿದ, ಹೆಲ್ಮೆಟ್ ನೋಡಿದ, ಇಳಿಜಾರಿನ ನೌಕರರ ಹಳದಿ ಕೋಟು ನೋಡಿದ, ಏನಪ್ಪಾ, ಎಂಟು ಜನ ಇದಾರೆ, ನಾಲ್ಕೂವರೆ ಒಳಗೆ ಚಕಚಕ ಮುಗಿಸಿಬಿಡೋಣ, ನಾಳೆ ಪರೀಕ್ಷಾ ಬೋರ್ಡಿಗೆ ವಿಡಿಯೊ ಕಳಿಸ್ಬೇಕು, ಅಂದ. ಅಪ್ಪಾ ಅಂತೆ. ಅವತ್ತು ಶಾಲೆಯಲ್ಲಿ ನನ್ನ ಮನೆತನದ ಹೆಸರು ಹಿಡಿದು ಹಿಂಡ್ಲ್ ಅಂತಿದ್ದೆಯಲ್ಲ, ಹಿಂಡ್ಲ್, ಬೂಟು ಒರೆಸು, ಹಿಂಡ್ಲ್, ಬಾಯಿ ಮುಚ್ಚು. ಮುಚ್ಚಿಕೊಂಡೇ ಇದ್ದೇನೆ, ನೋಡು. ಎರಡನೆಯ ನಂಬರಿನವನು ಬರುತ್ತಿದ್ದಾನೆ, ಮೊಣಕಾಲು ಬಗ್ಗಿಸದೆ, ಪೊರಕೆ ನುಂಗಿದವನ ಹಾಗೆ, ಬ್ರೆಟ್ ಕ್ಯಾಮೆರಾ ತಿರುಗಿಸುತ್ತಾ ಹೋಗುತ್ತಾನೆ, ಎದೆ, ನಂಬರು, ಕಾಲು, ಮತ್ತೆ ನಂಬರು, ಏಕೆಂದರೆ ಇಪ್ಪತ್ತೈದಕ್ಕೆ ಎಷ್ಟು ಅಂಕ ಎಂದು ಬರೆಯುವವನು ಮೇಷ್ಟರಾದರೂ ನಿಜವೋ ಸುಳ್ಳೋ ಎಂದು ನೋಡುವವನು ಎಲ್ಲೋ ದೂರದಲ್ಲಿ ಕೂತ ಬೋರ್ಡಿನವನು, ಅವನಿಗೆ ಮುಖ ಕಾಣುವುದಿಲ್ಲ, ಹೆಲ್ಮೆಟ್ಟು ಕನ್ನಡಕ ಹಾಕಿದರೆ ಎಲ್ಲರೂ ಇರುವೆಗಳೇ, ಎದೆಯ ಮೇಲೆ ತೊಟ್ಟ ಬಿಳಿ ಬನಿಯನ್ನಿನ ನಂಬರೇ ಹುಡುಗ, ನಂಬರೇ ಹುಡುಗಿ. ನಂಬರಿಲ್ಲದವನು ಹುಟ್ಟೇ ಇಲ್ಲ.

ಆರನೆಯ ನಂಬರು ಮೇಷ್ಟರ ಮಗಳು. ಇಮೋಜೆನ್. ಬೆಳಿಗ್ಗೆ ಪಟ್ಟಿಯಲ್ಲಿ ಆ ಕ್ರಾಂಪ್ಟನ್ ಎನ್ನುವ ಹೆಸರು ನೋಡಿದಾಗಿನಿಂದ ಬ್ರೆಟ್‌ನ ಬಾಯಲ್ಲಿ ಏನೋ ಸಿಹಿ, ಕಿತ್ತ ಹಲ್ಲಿನ ಜಾಗವನ್ನು ನಾಲಿಗೆ ಸವರುವ ಹಾಗೆ ಅದನ್ನೇ ಸವರುತ್ತಿದ್ದಾನೆ — ಸೊಂಟದಿಂದ ಕೆಳಗೆ ತೆಗೆಯುತ್ತೇನೆ, ಸ್ಕೀ ಮಾತ್ರ, ಕಾಲು ಮಾತ್ರ, ಎದೆ ಬರಕೂಡದು, ಮೇ ತಿಂಗಳಲ್ಲಿ ಬೋರ್ಡಿನವನು ಬರೆಯಲಿ, ಇವಳು ಯಾರು, ಗೊತ್ತಿಲ್ಲ, ಸೊನ್ನೆ. ಆಗ ನೀನು, ಕ್ರಾಂಪ್ಟನ್, ಕೂತುಕೊಂಡು ಅವಳ ಅಮ್ಮನಿಗೆ ಹೇಳು, ನನ್ನ ಅಮ್ಮನಿಗೆ ಹೇಳಿದ ಹಾಗೇ ಹೇಳು, ಫಿಲ್ಮು ಅದಲುಬದಲಾಗಿದೆ ಮಿಸೆಸ್ ಹಿಂಡ್ಲ್, ಇದೆಲ್ಲ ಆಗ್ತಾ ಇರತ್ತೆ. ಅಮ್ಮ ಕಾರ್ಖಾನೆಯ ಮೇಲಂಗಿಯಲ್ಲೇ ಹೋಗಿದ್ದಳು, ವಾಪಸು ಬಂದು ಚಹಾಕ್ಕೆ ನೀರಿಟ್ಟು, ತಪ್ಪಾಗಿರತ್ತೆ ಬಿಡೋ, ಮೇಷ್ಟ್ರು ಬೇಕಂತ ಮಾಡ್ತಾರಾ, ಅಂದಿದ್ದಳು. ಏಳು ವರ್ಷ ಅದೇ ಒಂದು ಮಾತು ಗಂಟಲಲ್ಲಿ ಮುಳ್ಳು, ಬೇಕಂತ ಮಾಡಿದನೋ, ತಪ್ಪಾಯಿತೋ. ಏಳು ವರ್ಷದ ಹಿಂದೆ ಅವತ್ತು ನಾಲ್ಕನೆಯ ನಂಬರಿನ ಐನ್ಸ್‌ವರ್ತ್, ಶಾಲೆಯ ಆಡಳಿತ ಮಂಡಳಿಯವರ ಮಗ, ಮಂಡಿ ತಿರುಚಿಕೊಂಡು ಬೆಂಚಿನ ಮೇಲೆ ಕೂತಿದ್ದ, ಹಿಂಡ್ಲ್, ಇವನ ಬನಿಯನ್ ಹಾಕ್ಕೊಂಡು ಒಂದ್ಸಲ ಇಳಿ, ಕ್ಯಾಮೆರಾ ಸರಿಯಿದ್ಯಾ ನೋಡೋಣ, ನಿಂದು ಆಮೇಲೆ. ಕ್ರಾಂಪ್ಟನ್ ತಾನೇ ತಲೆಯ ಮೇಲಿಂದ ತೊಡಿಸಿದ, ಒದ್ದೆ ಬಟ್ಟೆ, ಬೇರೆಯವನ ಬೆವರು, ಒಂದು ಕ್ಷಣ ಕತ್ತಲು — ಮತ್ತು ಬ್ರೆಟ್‌ಗೆ ಹೆಮ್ಮೆಯಾಗಿತ್ತು, ಥೂ, ಹೆಮ್ಮೆ, ನನ್ನನ್ನೇ ಕರೆದರಲ್ಲ ಎಂದು ಜೀವಮಾನದಲ್ಲೇ ಇಳಿಯದ ಹಾಗೆ ಇಳಿದಿದ್ದ. ಆಮೇಲೆ ನಾಲ್ಕೂವರೆ, ಮೇಲಕ್ಕೆ ಎಳೆದೊಯ್ಯುವ ಲಿಫ್ಟು ನಿಂತಿತು, ಬ್ರೆಟ್‌ನ ಸರದಿ ಬರಲೇ ಇಲ್ಲ. ನಾಲ್ಕನೆಯ ನಂಬರಿಗೆ ಇಪ್ಪತ್ನಾಲ್ಕು ಅಂಕ. ಬ್ರೆಟ್‌ನ ಎಂಟನೆಯ ನಂಬರಿನ ಮುಂದೆ, ಹಾಜರಿಲ್ಲ. ಕ್ರೀಡಾ ಕಾಲೇಜಿನವರು ಆ ಒಂದು ಅಂಕವನ್ನೇ ಕೇಳಿದರು. ಶಾಲೆಯ ಕಡೆ ಬ್ರೆಟ್ ಮತ್ತೆ ತಲೆಹಾಕಲಿಲ್ಲ.

ಅಣ್ಣಾ, ನಂಬರ್ ಕಾಣ್ತಿದ್ಯಾ? ಮೇಲಿನಿಂದ ಇಮೋಜೆನ್ ಕೂಗುತ್ತಿದ್ದಾಳೆ. ಕಾಣ್ತಿದೆ, ಬಾ. ಬ್ರೆಟ್ ಕ್ಯಾಮೆರಾ ತಗ್ಗಿಸುತ್ತಾನೆ, ಬಾ ಮಗಳೇ, ಎರಡು ಸ್ಕೀ ತುದಿಗಳು, ಸುತ್ತಿ ಬರಬೇಕಾದ ಮೊದಲ ಗೂಟ, ಎರಡನೆಯ ಗೂಟ, ಭಾರ ಹಿಂದೆ ಹಾಕುತ್ತಿದ್ದಾಳೆ, ಮುಂದೆ ಬಾಗು ಪೆದ್ದೀ, ಮುಂದೆ — ಮೂರನೆಯದರಲ್ಲಿ ಚಿತ್ರದ ತುಂಬ ಬಿದ್ದಳು, ನಂಬರಿನ ಸಮೇತ, ಹೆಬ್ಬೆರಳು ಬ್ರಷ್ಷಿನ ಜಾಲರಿಗೆ ಸಿಕ್ಕಿ ತಿರುಚಿತು, ಇಲ್ಲಿ ಇಳಿದವರೆಲ್ಲರಿಗೂ ಒಮ್ಮೆಯಾದರೂ ಸಿಕ್ಕಿದೆ, ಆ ನೋವು ಅವನ ಹೆಬ್ಬೆರಳಿಗೂ ಗೊತ್ತು. ಸಾಲಿನಲ್ಲಿ ಯಾರೋ, ಸರ್, ಬೀಳೋದಕ್ಕೆ ಎಷ್ಟು ಮಾರ್ಕ್ಸು? ನಗು. ಮುಚ್ಚೋ ಬಾಯಿ, ಮೇಷ್ಟರ ದನಿ. ಅವಳ ಕೈ ಆಗಲೇ ಬದನೆಕಾಯಿ ಬಣ್ಣ, ಇನ್ನು ಇಳಿಯಲಾರಳು, ಅಷ್ಟೇ, ಮುಗಿಯಿತು, ಬ್ರೆಟ್‌ಗೆ ಮೈಯೆಲ್ಲ ಉರಿಯುತ್ತದೆ, ನಾನು ಮಾಡಬೇಕಾದ್ದನ್ನು ಈ ದರಿದ್ರ ಇಳಿಜಾರು ಮಾಡಿಬಿಟ್ಟಿತಲ್ಲ, ನನ್ನ ಕೈಯಿಂದ ಇದನ್ನೂ ಕಿತ್ತುಕೊಂಡರಲ್ಲ. ಕ್ಯಾಮೆರಾ ಎದೆಗೆ ತೂಗುಬಿದ್ದಿದೆ, ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಲೇ ಇದೆ, ಆರಿಸಲು ಮರೆತಿದ್ದಾನೆ.

ಕ್ರಾಂಪ್ಟನ್ ಬರುತ್ತಾನೆ, ಮಗಳ ಬನಿಯನ್ ಕೈಯಲ್ಲಿ. ಹಿಂದೆ ಎಂಟನೆಯವನು, ಜುನೈದ್, ಶನಿವಾರದ ಪುಕ್ಕಟೆ ಪಾಠಕ್ಕೆ ತಪ್ಪದೆ ಬರುವವನು, ಬ್ರೆಟ್‌ನೇ ಕಲಿಸಿದವನು, ಬಾಗಿದರೆ ಹುಲ್ಲಿನ ಎಸಳಿನ ಹಾಗೆ ಬಾಗುವ ಹುಡುಗ. ಏನಪ್ಪಾ, ಮೇಷ್ಟರ ದನಿ ತಗ್ಗುತ್ತದೆ, ಅವಳ ಹೆಸರಲ್ಲಿ ಇವನು ಒಂದ್ಸಲ ಇಳೀಲಿ, ತೆಗೆದ್ಬಿಡು, ಈ ಹೆಲ್ಮೆಟ್ಟಲ್ಲಿ ಯಾರಿಗೆ ಗೊತ್ತಾಗತ್ತೆ, ನಾನೇನು ಮೊದಲನೇ ಸಲ ಮಾಡ್ತಿರೋದಾ. ಹುಡುಗನ ಕಡೆ ತಿರುಗಿ, ಕ್ಯಾಮೆರಾ ಸರಿಯಿದ್ಯಾ ನೋಡ್ಬೇಕು ಕಣೋ, ನಿಂದು ಆಮೇಲೆ. ಗಂಟಲ ಮುಳ್ಳು ಕಿತ್ತು ಬಂತು, ಎಷ್ಟು ಉದ್ದ ಇತ್ತು ಅದು, ಬೇಕಂತ, ಬೇಕಂತಲೇ ಅಮ್ಮಾ — ಈಗಲೇ ಹೇಳಿಬಿಡಲೇ, ಬೇಡ ಕಣೋ ಜುನೈದ್, ತೊಡಬೇಡ, ಒಂದು ಮಾತು ಸಾಕು, ಹೇಳಿದರೆ ಇವನು ಎಚ್ಚರಗೊಳ್ಳುತ್ತಾನೆ, ತಮಾಷೆಗೆ ಅಂದೆ ಎನ್ನುತ್ತಾನೆ, ಹೇಳದಿದ್ದರೆ ಎಲ್ಲವೂ ಚಿತ್ರದಲ್ಲಿ ಬರುತ್ತದೆ, ತಲುಪುತ್ತದೆ ಬೋರ್ಡಿಗೆ, ಮುಖ್ಯೋಪಾಧ್ಯಾಯರಿಗೆ, ಊರಿಗೆಲ್ಲ, ತೊಡಿಸು, ತೊಡಿಸೋ, ಮುಖ ಈ ಕಡೆ ತಿರುಗಿಸು. ಗಡಿಯಾರ ನಾಲ್ಕು ಇಪ್ಪತ್ತು. ಎಂಟನೆಯವನಿಗೆ ಸಮಯ ಉಳಿಯುವುದಿಲ್ಲ, ಬ್ರೆಟ್‌ಗೆ ಗೊತ್ತು, ಅವನಿಗಲ್ಲದೆ ಇನ್ಯಾರಿಗೆ ಗೊತ್ತು. ಹುಡುಗ ನಗುತ್ತಾ ಬ್ರೆಟ್‌ನನ್ನೇ ನೋಡುತ್ತಾನೆ, ನನ್ನನ್ನೇ ಕರೆದರು ಅಣ್ಣಾ ಎನ್ನುವ ಮುಖ. ಆನ್ ಆಗಿದ್ಯೇನಪ್ಪಾ? ಆಗಿದೆ ಸರ್, ಆವಾಗಿಂದಾನೂ. ಕ್ರಾಂಪ್ಟನ್ ಬನಿಯನ್ ಎತ್ತುತ್ತಾನೆ, ಒದ್ದೆ ಬಿಳಿ ಬಟ್ಟೆ ಹುಡುಗನ ತಲೆಯ ಮೇಲೆ ಇಳಿಯುತ್ತದೆ, ಹೆಲ್ಮೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಒಳಗೆ ಬಾಯಿ ಉಸಿರೆಳೆದಲ್ಲಿ ಬಟ್ಟೆ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ, ಒಳಕ್ಕೆ, ಮುಖವಿಲ್ಲ, ಬಿಳಿ ಬಟ್ಟೆ, ಒಳಕ್ಕೆ, ಹೊರಕ್ಕೆ —