ಭೂಮದ ತಟ್ಟೆ

ಲಾರಿ ಓಡಿಸುವವರಿಗೆ ಉಷ್ಣ ಜಾಸ್ತಿ ಅನ್ನುವುದು ಆ ಕಾಲದಲ್ಲಿ ಪಾವಗಡದಿಂದ ಕೊರಟಗೆರೆಯವರೆಗೂ ಎಲ್ಲರೂ ಒಪ್ಪಿಕೊಂಡ ಮಾತು. ಡ್ರೈವರ್ ಸೀಟಿನ ಪಕ್ಕದಲ್ಲೇ ಇಂಜಿನ್ನು. ಅದರ ಕಾವು ತೊಡೆಗೆ ತಾಗಿ, ಕಿಬ್ಬೊಟ್ಟೆಗೆ ಇಳಿದು, ಒಂದಕ್ಕೆ ಹೋದರೆ ಉರಿಯುತ್ತದೆ, ಒಮ್ಮೊಮ್ಮೆ ಹುಣ್ಣೂ ಏಳುತ್ತದೆ ಅಂತ ಅವರು ಹೇಳುತ್ತಿದ್ದರು, ಮನೆಯವರು ನಂಬುತ್ತಿದ್ದರು. ಸಿರಾದ ಟೀ ಅಂಗಡಿ ಮುಂದೆ ಲಾರಿ ನಿಲ್ಲಿಸಿ ಇಳಿದವರು ಮೊದಲು ಕೇಳುತ್ತಿದ್ದದ್ದು ಟೀ ಅಲ್ಲ, ಕಾಮಕಸ್ತೂರಿ ಬೀಜ ನೆನೆಸಿದ ಶರಬತ್ತು. ಮನೆಗೆ ಬಂದರೆ ತಲೆಗೆ ಹರಳೆಣ್ಣೆ, ಹೊಟ್ಟೆಗೆ ಮೆಂತ್ಯದ ಮಜ್ಜಿಗೆ. ಹುಣ್ಣು ಕೆಲವು ವಾರಕ್ಕೆ ತಾನಾಗಿ ಒಣಗುತ್ತಿತ್ತು. ಹೆಸರು ಮಜ್ಜಿಗೆಗೆ ಬರುತ್ತಿತ್ತು.

ಬಡವನಹಳ್ಳಿಯ ವೀರಭದ್ರಯ್ಯ ಇಂಥ ಒಬ್ಬ ಡ್ರೈವರು. ವೈ.ಎನ್.ಹೊಸಕೋಟೆಯಲ್ಲಿ ಕಡಲೆಕಾಯಿ ಮೂಟೆ ತುಂಬಿಕೊಂಡು ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಹೋಗಿ ಬರುವುದು ಅವನ ಕೆಲಸ. ಜೊತೆಗೆ ಇನ್ನೊಬ್ಬ ಡ್ರೈವರು ಸಿರಾದ ಖಲೀಲುಲ್ಲಾ. ಕ್ಲೀನರು ವೀರಭದ್ರಯ್ಯನ ಸ್ವಂತ ತಮ್ಮ ಪರ್ವತಯ್ಯ, ಮದುವೆಗೆ ಬಂದ ಹುಡುಗ. ಅಣ್ಣತಮ್ಮ ಇಬ್ಬರೂ ಮನೆಗೆ ಬಂದ ದಿನ ತಾಯಿ ದಾಕ್ಷಾಯಣಮ್ಮನಿಗೆ ಮಜ್ಜಿಗೆ ಕಡೆದು ಕಡೆದು ರಟ್ಟೆ ನೋವು ಬರುತ್ತಿತ್ತು.

ಆ ಮನೆಯ ಸೊಸೆ ಇಂದ್ರಮ್ಮ, ಕೊರಟಗೆರೆ ಕಡೆಯವಳು. ಮದುವೆಯಾದ ಮೇಲೆ ಎರಡು ಸಲ ಹೆತ್ತಳು. ಎರಡು ಕೂಸೂ ಅಳಲಿಲ್ಲ. ನೀರಲ್ಲಿ ನೆಂದ ಹಾಗೆ ಅವುಗಳ ಎಳೇ ಚರ್ಮ ಕಿತ್ತು ಬರುತ್ತಿತ್ತು. ಸೂಲಗಿತ್ತಿ ಬಟ್ಟೆ ಸುತ್ತಿ, ತಾಯಿಗೆ ಮುಖ ತೋರಿಸದೆ ತೆಗೆದುಕೊಂಡು ಹೋಗಿದ್ದಳು.

ಅರವತ್ತೆಂಟನೇ ಇಸವಿಯಲ್ಲಿ ಇಂದ್ರಮ್ಮ ಮೂರನೇ ಸಲ ಬಸುರಿಯಾದಳು. ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾಗ ಅತ್ತೆ ಮುಚ್ಚುಮರೆಯಿಲ್ಲದೆ ಅಂದುಬಿಟ್ಟಳು.

‘ನೋಡಮ್ಮ, ನಿನ್ನ ಮೇಲೆ ನನಗೆ ಹಗೆ ಇಲ್ಲ. ಇದೂ ಅಂಗೇ ಆದ್ರೆ ಹೊಸಕೋಟೆಯಾಗಿರೋ ನನ್ನ ತಮ್ಮನ ಮಗಳನ್ನ ತರ್ತೀನಿ. ನೀನೂ ಇರು. ಯಾರು ಬ್ಯಾಡ ಅಂದ್ರು.’

‘ಜೊಳ್ಳು ನೆಲದಾಗಿದ್ರೆ ನೆಲ ಬದಲಾಯಿಸ್ಬೋದು ಅತ್ತೆ. ಬೀಜದಾಗಿದ್ರೆ?’ ಅಂದಳು ಇಂದ್ರಮ್ಮ, ಕೈಯಲ್ಲಿದ್ದ ಜೊಳ್ಳು ಕಾಯನ್ನು ಪಕ್ಕಕ್ಕೆ ಹಾಕುತ್ತಾ.

‘ಬಾಯಿ ಮಾತ್ರ ಚೆನ್ನಾಗೈತೆ’ ಅಂದಳು ಅತ್ತೆ. ಆದರೂ ಆ ಮಾತು ಅವಳ ಮನಸ್ಸಿಗೆ ನಾಟಿರಬೇಕು. ಮಾರನೇ ಸಂತೆಯ ದಿನ ಸೊಸೆಯನ್ನು ತಾನೇ ಬಸ್ಸು ಹತ್ತಿಸಿಕೊಂಡು, ಊರವರು ಮದ್ದಗಿರಿ ಅನ್ನುವ ಮಧುಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಹೊಸದಾಗಿ ಒಬ್ಬರು ಲೇಡಿ ಡಾಕ್ಟರು ಬಂದಿದ್ದರು. ಸತ್ತು ಹುಟ್ಟಿದ ಕೂಸುಗಳ ಚರ್ಮ ಹೇಗಿತ್ತು ಅಂತ ಕೇಳಿಕೊಂಡು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ ಅತ್ತೆ ಸೊಸೆ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದರು.

‘ಇದು ಉಷ್ಣ ಅಲ್ಲ. ದೇವರ ಸಿಟ್ಟೂ ಅಲ್ಲ. ರಕ್ತದಲ್ಲಿರೋ ಒಂದು ಕಾಯಿಲೆ. ಸಿಫಿಲಿಸ್ ಅಂತಾರೆ, ಹಿಂದಿನವರು ಪರಂಗಿ ಹುಣ್ಣು ಅಂತಿದ್ರು. ಹೆಣ್ಣು ಗಂಡಿನ ಕೂಟದಿಂದ ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ. ಮೊದಲು ಒಂದು ಹುಣ್ಣು ಏಳುತ್ತೆ, ನೋಯೋದೂ ಇಲ್ಲ, ತಾನೇ ಒಣಗುತ್ತೆ. ವಾಸಿಯಾಯ್ತು ಅಂತ ಜನ ಸುಮ್ಮನಾಗ್ತಾರೆ. ಹುಣ್ಣು ಹೋಗಿರುತ್ತೆ, ಕಾಯಿಲೆ ಹೋಗಿರಲ್ಲ. ಬಸುರಿಯ ರಕ್ತದಿಂದ ಅದು ಹೊಟ್ಟೆಯಲ್ಲಿರೋ ಕೂಸಿಗೆ ಹೋಗುತ್ತೆ.’

ದಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ಬೆಂಚಿನ ತುದಿಗೆ ಸರಿದಳು. ‘ಅಂಗಾದ್ರೆ ಇವಳು ಉಂಡ ತಟ್ಟೆ, ಲೋಟ?’

‘ತಟ್ಟೆಯಿಂದ ಬರಲ್ಲ ಅಜ್ಜಿ. ಲೋಟದಿಂದ ಬರಲ್ಲ, ಪಕ್ಕದಲ್ಲಿ ಕೂತರೂ ಬರಲ್ಲ. ಈ ಕಡೆ ಬನ್ನಿ, ಬಿದ್ದೀರಿ.’

‘ಕೂಸು ಉಳೀತದಾ ಡಾಕ್ಟರಮ್ಮ?’ ಇಂದ್ರಮ್ಮ ಕೇಳಿದ್ದು ಇದೊಂದೇ.

‘ಈಗಲೇ ಶುರು ಮಾಡಿದರೆ ಉಳಿಯೋ ಭರವಸೆ ಚೆನ್ನಾಗೇ ಇದೆ. ವಾರವಾರ ಬಂದು ಪೆನ್ಸಿಲಿನ್ ಸೂಜಿ ಹಾಕಿಸಿಕೊಬೇಕು. ಗಂಡನೂ ಹಾಕಿಸಿಕೊಬೇಕು. ನೀನೊಬ್ಬಳೇ ವಾಸಿಮಾಡಿಕೊಂಡು, ಅವನು ಹಾಗೇ ಇದ್ದರೆ, ಅವನಿಂದ ಮತ್ತೆ ನಿನಗೆ ಹತ್ತುತ್ತೆ. ಬಾ, ಮೊದಲನೇದು ಇವತ್ತೇ ಹಾಕ್ತೀನಿ.’

ಅಷ್ಟರಲ್ಲಿ ದಾಕ್ಷಾಯಣಮ್ಮ ಎದ್ದು ಸೊಸೆಯ ಕೈ ಹಿಡಿದಿದ್ದಳು. ಬಸುರಿಗೆ ಸೂಜಿಯ ಔಷಧಿ ಒಳಗೆ ಹೋದರೆ ಗರ್ಭ ಇಳಿದುಹೋಗುತ್ತದೆ ಅನ್ನುವುದು ಅವಳ ನಂಬಿಕೆ. ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ‘ಗಂಡ ಒಪ್ಪಿದ್ರೆ ಬತ್ತೀವಿ’ ಅಂದು ಬಾಗಿಲು ದಾಟಿಬಿಟ್ಟಳು. ‘ಗಂಡನನ್ನೇ ಕರ್ಕೊಂಡು ಬನ್ನಿ, ತಡ ಮಾಡಬೇಡಿ’ ಅಂತ ಡಾಕ್ಟರಮ್ಮ ಹಿಂದಿನಿಂದ ಕೂಗಿ ಹೇಳಿದ್ದು ಇಂದ್ರಮ್ಮನ ಕಿವಿಯಲ್ಲಿ ಬಸ್ಸಿನ ಉದ್ದಕ್ಕೂ ಇತ್ತು.

ವೀರಭದ್ರಯ್ಯ ಊರಿಗೆ ಬಂದಾಗ ಹಿತ್ತಲಲ್ಲಿ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಇಂದ್ರಮ್ಮ ಎಲ್ಲವನ್ನೂ ಹೇಳಿದಳು. ಅವನು ತಲೆ ಎತ್ತಲಿಲ್ಲ.

‘ಅದು ಇಂಜಿನ್ ಕಾವು ಕಣೆ. ಹುಣ್ಣು ಒಣಗಿ ಯಾವ ಕಾಲ ಆಯ್ತು. ಆಯಮ್ಮ ಓದಿರೋಳು, ಲಾರಿ ಮೇಲೆ ಕೂತವಳಾ?’

‘ಇಂಜಿನ್ ಕಾವು ನಿಮಗೆ ಬಂತು. ಸರಿ. ನನ್ನ ರಕ್ತಕ್ಕೆ ಹೆಂಗೆ ಬಂತು? ನಾನು ಯಾವ ಲಾರಿ ಓಡಿಸ್ದೆ?’

ಎಣ್ಣೆ ಬೆನ್ನಿನಿಂದ ಕಲ್ಲಿಗೆ ತೊಟ್ಟಿಕ್ಕುತ್ತಿತ್ತು.

‘ಎಲ್ಲಿಗೆ ಹೋಗಿದ್ರಿ, ಯಾರ ಮನೆಗೆ ಹೋಗಿದ್ರಿ ಅಂತ ಕೇಳ್ತಿಲ್ಲ. ಅದನ್ನ ಆಮೇಲೆ ಕೇಳ್ತೀನಿ, ಬುಡೋದಿಲ್ಲ. ಈಗ ಕೂಸು ಉಳೀಬೇಕು. ಆಸ್ಪತ್ರೆಗೆ ನಡೀರಿ.’

‘ಅಲ್ಲಿರೋ ಕಾಂಪೌಂಡ್ರು ಪಕ್ಕದೂರಿನೋನು ಕಣೆ. ನಾಳೆ ಸಂತೇಲಿ ನನ್ನ ಹೆಸರು ಕೂಗ್ತಾನೆ’ ಅಂದ ವೀರಭದ್ರಯ್ಯ. ತಣ್ಣೀರನ್ನೇ ಮೈಮೇಲೆ ಸುರಿದುಕೊಂಡು ಎದ್ದು ಹೋದ. ಆಮೇಲೆ ಒಂದು ಬಾಡಿಗೆ ಮುಗಿದರೆ ಇನ್ನೊಂದು ಬಾಡಿಗೆ ಹಿಡಿದು ಮನೆಯ ಕಡೆಗೇ ಬರಲಿಲ್ಲ.

ಬರಲೇಬೇಕಾದ ದಿನ ಒಂದಿತ್ತು. ಐದನೇ ತಿಂಗಳಲ್ಲಿ ಬಸುರಿಗೆ ಮಡಿಲು ತುಂಬಿ ತವರಿಗೆ ಕಳಿಸುವುದು ಆ ಮನೆಯ ಪದ್ಧತಿ. ಆವತ್ತು ಗಂಡಹೆಂಡತಿ ಮದುವೆಯ ದಿನದ ಹಾಗೆ ಮತ್ತೆ ಭೂಮಕ್ಕೆ ಕೂರಬೇಕು, ಅಂದರೆ ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಒಮ್ಮೆ ಕೂತ ಮೇಲೆ ಒಬ್ಬರನ್ನು ಬಿಟ್ಟು ಒಬ್ಬರು ಏಳುವ ಹಾಗಿಲ್ಲ. ಎದ್ದರೆ ಸಂಸಾರ ಒಡೆಯುತ್ತದೆ ಅನ್ನುವ ಭಯ ಅಲ್ಲಿ ದೊಡ್ಡವರಿಗೂ ಇತ್ತು.

ಮಡಿಲು ತುಂಬುವ ದಿನ ಇಂದ್ರಮ್ಮನ ತಂದೆ ನಂದೀಶ್ವರಯ್ಯ ಕೊರಟಗೆರೆಯಿಂದ ಬಂದರು. ಲಾರಿ ಮನೆ ಮುಂದಿನ ಹುಣಸೇಮರದ ಕೆಳಗೆ ನಿಂತಿತು. ಖಲೀಲುಲ್ಲಾ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಹೆಂಗಸರು ಹಸಿರು ಬಳೆ ತೊಡಿಸಿ ಆರತಿ ಎತ್ತಿದರು. ನಡುಮನೆಯಲ್ಲಿ ದೊಡ್ಡ ಹಿತ್ತಾಳೆ ತಟ್ಟೆಗೆ ಅನ್ನ, ಹೋಳಿಗೆ, ತುಪ್ಪ, ಹಪ್ಪಳ ಬಡಿಸಿದರು. ಇಬ್ಬರೂ ಎದುರುಬದುರು ಕೂತರು.

ವೀರಭದ್ರಯ್ಯ ಹೋಳಿಗೆ ಮುರಿದು ಹೆಂಡತಿಯ ಬಾಯಿಗೆ ಹಿಡಿದ. ಇಂದ್ರಮ್ಮ ಬಾಯಿ ತೆರೆಯಲಿಲ್ಲ. ಎರಡು ಕೈಯಲ್ಲೂ ತಟ್ಟೆಯ ಅಂಚು ಹಿಡಿದುಕೊಂಡು ಕೂತಳು.

‘ತಿನ್ನಮ್ಮ, ತುಪ್ಪ ಸೋರ್ತೈತೆ’ ಅಂದರು ಯಾರೋ.

‘ತಿಂತೀನಿ. ಮದ್ದಗಿರಿ ಆಸ್ಪತ್ರೆಗೆ ಇಬ್ಬರೂ ಹೋಗಿ ಸೂಜಿ ಹಾಕಿಸ್ಕೊಂಡು ಬಂದ ಮೇಲೆ ತಿಂತೀನಿ. ಅಲ್ಲಿಗಂಟ ಈ ತಟ್ಟೆ ಬುಟ್ಟು ನಾನು ಏಳೋದಿಲ್ಲ.’

ಹೆಂಗಸರ ಬಳೆ ಸದ್ದು ನಿಂತಿತು. ವೀರಭದ್ರಯ್ಯ ಕೈಯಲ್ಲಿ ಹೋಳಿಗೆ ಹಿಡಿದುಕೊಂಡು ಏಳಲೂ ಆಗದೆ, ತಿನ್ನಿಸಲೂ ಆಗದೆ ಕೂತ. ಮುಖಕ್ಕೆ ರಕ್ತ ಏರಿತ್ತು.

‘ಏನಮ್ಮ ಇದು, ನಾಲ್ಕು ಜನದ ಮುಂದೆ’ ಅಂದರು ನಂದೀಶ್ವರಯ್ಯ.

‘ನಾಲ್ಕು ಜನ ಇದ್ದಾಗಲೇ ಅಪ್ಪಯ್ಯ ಇವರು ಸಿಗೋದು. ಎರಡು ಕೂಸು ಮಣ್ಣಿಗೆ ಹಾಕಿದೀವಿ. ಇಬ್ಬರ ರಕ್ತವೂ ಸರಿ ಇಲ್ಲ ಅಂತ ಡಾಕ್ಟರಮ್ಮ ಹೇಳವ್ರೆ. ಔಷಧಿ ಐತೆ. ನಾಚಿಕೆ ಅಡ್ಡ ಬಂದೈತೆ. ಭೂಮಕ್ಕೆ ಇಬ್ಬರೂ ಕೈ ಹಾಕಿದೀವಿ. ಅನ್ನಕ್ಕೆ ಇಬ್ಬರು, ಸೂಜಿಗೆ ನಾನೊಬ್ಬಳಾ?’

ದಾಕ್ಷಾಯಣಮ್ಮ ಬಾಯಿ ಹಾಕಿದಳು. ‘ಬಸುರಿಗೆ ಸೂಜಿ ಚುಚ್ಚಿದ್ರೆ ಏನಾಯ್ತದೆ ಗೊತ್ತೇನೆ?’

‘ಚುಚ್ಚದೆ ಏನಾಯ್ತು ಅಂತ ಎರಡು ಸಲ ನೋಡಿದ್ರಲ್ಲ ಅತ್ತೆ.’

ಮುದುಕಿ ಗೋಡೆಗೆ ಒರಗಿ ಕೂತುಬಿಟ್ಟಳು. ಆಗ ಜಗಲಿಯಿಂದ ಖಲೀಲುಲ್ಲಾನ ದನಿ ಬಂತು.

‘ವೀರಭದ್ರಣ್ಣ, ಸುಮ್ನೆ ಒಪ್ಕೊಂಬುಡು ಭಾಯ್. ನನಗೂ ಅದೇ ಇತ್ತು. ಹೋದ ವರ್ಷ ನಮ್ಮ ಮನೆಯೋಳು ಅಮೀರ್ ಬಿ ನನ್ನ ಅಂಗಿ ಹಿಡ್ಕೊಂಡು ಸಿರಾ ಆಸ್ಪತ್ರೆಗೆ ಎಳ್ಕೊಂಡು ಹೋದ್ಳು. ಇಬ್ಬರಿಗೂ ಹಾಕಿದ್ರು. ಎಲ್ಲಿ ಹಾಕಿದ್ರು ಅಂತ ತೋರಿಸ್ತಿದ್ದೆ, ಹೆಣ್ಣುಮಕ್ಳು ಅವ್ರಲ್ಲ, ಅದಕ್ಕೆ ಬ್ಯಾಡ.’

ಮುದುಕಿಯರು ಸೆರಗಿನೊಳಗೆ ನಕ್ಕರು. ಒಬ್ಬಳ ನಗು ಇನ್ನೊಬ್ಬಳಿಗೆ ಹತ್ತಿ, ನಡುಮನೆಯೆಲ್ಲ ನಗೆಯಾಯಿತು.

‘ಲೇ ಖಲೀಲ, ನನಗೆ ಯಾಕ್ಲಾ ಒಂದು ಮಾತು ಹೇಳ್ಲಿಲ್ಲ?’ ವೀರಭದ್ರಯ್ಯ ಕೂತಲ್ಲಿಂದಲೇ ಕೇಳಿದ.

‘ನೀನು ಇಂಜಿನ್ ಕಾವು ಅಂತಿದ್ದೆ. ನಾನೂ ಇಂಜಿನ್ ಕಾವು ಅಂದೆ. ಇಂಜಿನ್ನಿಗೆ ಬಾಯಿಲ್ಲ ನೋಡು, ಇಬ್ಬರಿಗೂ ಅನುಕೂಲ ಆಯ್ತು.’

ವೀರಭದ್ರಯ್ಯನಿಗೂ ನಗು ತಡೆಯಲಾಗಲಿಲ್ಲ. ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟು, ‘ನಡಿ’ ಅಂದ.

ಏಳುವುದು ಹೇಗೆ? ಉಣ್ಣದೆ ಎದ್ದರೆ ಭೂಮ ಮುರಿಯುತ್ತದೆ ಅಂತ ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಅದಕ್ಕೆ ದಾರಿ ಹೇಳಿದವಳು ದಾಕ್ಷಾಯಣಮ್ಮನೇ. ‘ತಟ್ಟೆ ಹಿಡ್ಕೊಂಡೇ ಏಳಿ. ಇಬ್ಬರೂ ಒಂದೊಂದು ಕಡೆ ಹಿಡ್ಕಳಿ. ತಟ್ಟೆ ಕೈಲಿರೋಗಂಟ ಭೂಮದಾಗೇ ಇದ್ದಂಗೆ.’

ಹಾಗೇ ಆಯಿತು. ಗಂಡಹೆಂಡತಿ ತಟ್ಟೆಯ ಎರಡು ಅಂಚು ಹಿಡಿದುಕೊಂಡು, ಅನ್ನ ಚೆಲ್ಲದ ಹಾಗೆ ಹೊಸ್ತಿಲು ದಾಟಿ, ಲಾರಿ ಹತ್ತಿದರು. ಖಲೀಲುಲ್ಲಾ ಸ್ಟೀರಿಂಗ್ ಹಿಡಿದ. ಕ್ಯಾಬಿನ್ನಿನ ಬಾಗಿಲು ಹಾಕುತ್ತಿದ್ದ ಪರ್ವತಯ್ಯನನ್ನು ಇಂದ್ರಮ್ಮ ತಡೆದಳು.

‘ನೀನೂ ಒಳಕ್ಕೆ ಬಾ. ದಿನಾ ಮಜ್ಜಿಗೆ ಕುಡಿಯೋನು ನೀನೂ ಅಲ್ವಾ?’

‘ನಂದು ಬರೀ ಉರಿ ಅತ್ತಿಗೆ, ಹುಣ್ಣಿಲ್ಲ.’

‘ಅದನ್ನ ಡಾಕ್ಟರಮ್ಮ ಹೇಳ್ಲಿ. ಮುಂದಿನ ವರ್ಷ ನಿನಗೂ ಒಬ್ಬಳು ಭೂಮಕ್ಕೆ ಕೂರೋಳು ಬತ್ತಾಳೆ. ಹತ್ತು.’

ಬಡವನಹಳ್ಳಿಯ ಜನ ಅಂಥ ಮೆರವಣಿಗೆ ಹಿಂದೆ ಕಂಡಿರಲಿಲ್ಲ. ಇಂದ್ರಮ್ಮ ಮಲ್ಲಿಗೆ ಮುಡಿದು, ಕೈತುಂಬ ಹಸಿರು ಬಳೆ ತೊಟ್ಟು, ತೊಡೆಯ ಮೇಲೆ ಹೋಳಿಗೆ ತಟ್ಟೆ ಇಟ್ಟುಕೊಂಡು ಹೋಗುತ್ತಿದ್ದಳು. ಲಾರಿಯ ಹಿಂಭಾಗದಲ್ಲಿ ಕಡಲೆಕಾಯಿ ಮೂಟೆಗಳ ಮೇಲೆ ದಾಕ್ಷಾಯಣಮ್ಮ, ಬೀಗರು ನಂದೀಶ್ವರಯ್ಯ, ಆರತಿ ತಟ್ಟೆ ಇನ್ನೂ ಕೆಳಗಿಡದ ಇಬ್ಬರು ಮುತ್ತೈದೆಯರು. ಖಲೀಲುಲ್ಲಾ ದಾರಿಯುದ್ದಕ್ಕೂ ಹಾರನ್ ಒತ್ತುತ್ತಲೇ ಹೋದ. ಮಧುಗಿರಿ ಬೆಟ್ಟ ಎದುರಿಗೆ ದೊಡ್ಡದಾಗುತ್ತಾ ಬಂತು.

ಆಸ್ಪತ್ರೆಯ ಅಂಗಳದಲ್ಲಿ ಡಾಕ್ಟರಮ್ಮ ಈ ದಂಡನ್ನು ನೋಡಿ, ‘ಮದುವೇನಾ, ಹೆರಿಗೇನಾ?’ ಅಂದರು. ತಟ್ಟೆಯ ಕಥೆ ಕೇಳಿದ ಮೇಲೆ ಅವರೇ ಅದನ್ನು ತಮ್ಮ ಮೇಜಿನ ಮೇಲೆ ಇಡಿಸಿಕೊಂಡರು. ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ ನೋಡಿದರು. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಕಾಂಪೌಂಡರನಿಗೆ ಎಲ್ಲರ ಎದುರೇ ಹೇಳಿದರು. ಅವನು ತಲೆ ಆಡಿಸಿದ, ಹೇಳಿದ ಹಾಗೇ ಬಾಯಿ ಮುಚ್ಚಿಕೊಂಡೂ ಇದ್ದ.

ಪರ್ವತಯ್ಯನ ಉರಿ ಬೇರೆ ಕಾಯಿಲೆಯಂತೆ, ಕೀವು ಬರುವಂಥದ್ದು, ಗೊನೊರಿಯಾ ಅಂತ ಅದರ ಹೆಸರು. ಅದೂ ಕೂಟದಿಂದಲೇ ಹತ್ತುವುದು, ಅದಕ್ಕೂ ಸೂಜಿ ಇತ್ತು. ಅವನನ್ನೂ ಖಲೀಲುಲ್ಲಾನನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು: ‘ಕೈಹಿಡಿದವಳ ಜೊತೆ ನಿಯತ್ತಾಗಿದ್ದರೆ, ಅವಳಿಗೂ ನಿನಗೂ ಕಾಯಿಲೆ ಇಲ್ಲದಿದ್ದರೆ, ಏನೂ ಭಯ ಇಲ್ಲ. ಹಾಗಿರೋಕೆ ಆಗದವನು ಕೂಟದ ಹೊತ್ತಿಗೆ ನಿರೋಧ್ ಅನ್ನೋ ರಬ್ಬರ್ ಚೀಲ ಹಾಕಿಕೊಳ್ಳಲಿ, ಈಗ ಬೀಡಿ ಅಂಗಡೀಲೂ ಸಿಗುತ್ತೆ. ಹುಣ್ಣು, ಉರಿ, ಕೀವು ಏನೇ ಕಂಡರೂ ಮಜ್ಜಿಗೆ ಅಂತ ಕೂರಬೇಡಿ, ಇಲ್ಲಿಗೆ ಬನ್ನಿ. ಎಷ್ಟೋ ಸಲ ಏನೂ ಕಾಣೋದೇ ಇಲ್ಲ, ಅದಕ್ಕೇ ಅನುಮಾನ ಇದ್ದರೆ ರಕ್ತ ತೋರಿಸಿ. ಔಷಧಿ ಮುಗಿದು ನಾನು ಸರಿ ಅನ್ನೋವರೆಗೂ ಯಾರ ಜೊತೆಗೂ ಸೇರಬೇಡಿ.’

‘ಮಜ್ಜಿಗೆ ಕುಡೀಬಾರದಾ ಅಂಗಾದ್ರೆ?’ ಪರ್ವತಯ್ಯ ಕೇಳಿದ.

‘ಕುಡಿಯಪ್ಪ. ಊಟಕ್ಕೆ.’

ಸೂಜಿ ಹಾಕಿಸಿಕೊಂಡು ಹೊರಗೆ ಬಂದ ಗಂಡಹೆಂಡತಿ ಆಸ್ಪತ್ರೆಯ ಬೇವಿನಮರದ ಕೆಳಗೆ ತಣ್ಣಗಾದ ಭೂಮ ಉಂಡರು. ವೀರಭದ್ರಯ್ಯ ಸರಿಯಾಗಿ ಕೂರಲು ಆಗದೆ ಒಂದು ಮಗ್ಗುಲಿಗೆ ವಾಲಿಕೊಂಡಿದ್ದ. ಇಂದ್ರಮ್ಮ ಮೊದಲ ತುತ್ತು ಅವನಿಗೆ ತಿನ್ನಿಸಿದಳು. ಆಮೇಲೆ ಇಬ್ಬರೂ ಒಟ್ಟಿಗೇ ಎದ್ದರು.

ಇಂದ್ರಮ್ಮ ತವರಿಗೆ ಹೋಗಲಿಲ್ಲ. ವಾರವಾರ ಗಂಡನ ಜೊತೆಯಲ್ಲೇ ಮಧುಗಿರಿಗೆ ಹೋಗಿ ಬಂದಳು. ‘ಆಮೇಲೆ ಕೇಳ್ತೀನಿ’ ಅಂದದ್ದನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದಳು. ಅವನು ಹೇಳಿದ, ಅವಳು ಅತ್ತಳು, ಬೈದಳು. ಮತ್ತೆ ಹಾಗಾಗುವುದಿಲ್ಲ ಅಂತ ಅವನಿಂದ ಮಾತು ತೆಗೆದುಕೊಂಡಳು. ಅವನು ಬೆಂಗಳೂರಿನ ಬಾಡಿಗೆ ಬಿಟ್ಟು ಹತ್ತಿರದ ಊರುಗಳ ಬಾಡಿಗೆ ಹಿಡಿದ.

ಹೆರಿಗೆ ಮಧುಗಿರಿಯ ಆಸ್ಪತ್ರೆಯಲ್ಲೇ ಆಯಿತು. ಹೊರಗೆ ಬೆಂಚಿನ ಮೇಲೆ ದಾಕ್ಷಾಯಣಮ್ಮ ಕಣ್ಣುಮುಚ್ಚಿ ಶಿವಶಿವ ಅನ್ನುತ್ತಿದ್ದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಳಗಿಂದ ಒಂದು ಅಳು ಬಂತು, ಸಣ್ಣದಲ್ಲ, ಸಂತೆ ಬೀದಿಯವರೆಗೂ ಕೇಳುವಂಥದ್ದು. ಹೆಣ್ಣು ಕೂಸು. ಡಾಕ್ಟರಮ್ಮ ಅದರ ಮೈಯೆಲ್ಲ ಬೆಳಕಿಗೆ ಹಿಡಿದು ನೋಡಿ, ರಕ್ತವನ್ನೂ ಪರೀಕ್ಷೆ ಮಾಡಿಸುತ್ತೇನೆ ಅಂದು, ಅಜ್ಜಿಯ ಮಡಿಲಿಗೆ ಹಾಕಿದರು. ಅದರ ಚರ್ಮ ಹೊಸ ಹತ್ತಿಯ ಹಾಗೆ ನಯವಾಗಿತ್ತು.

‘ಅಳಲಿ ಬುಡು. ಆ ಎರಡರ ಪಾಲಿಂದೂ ಸೇರಿಸಿ ಅಳಲಿ’ ಅಂದಳು ದಾಕ್ಷಾಯಣಮ್ಮ. ಹೊಸಕೋಟೆಯ ತಮ್ಮನ ಮಗಳ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮಾರನೇ ವರ್ಷ ಪರ್ವತಯ್ಯನ ಮದುವೆ. ಹುಡುಗಿ ಮಧುಗಿರಿ ತಾಲ್ಲೂಕಿನವಳೇ. ಶಾಸ್ತ್ರವೆಲ್ಲ ಮುಗಿದು ಭೂಮಕ್ಕೆ ತಟ್ಟೆ ಇಟ್ಟರು, ಅದೇ ಹಿತ್ತಾಳೆ ತಟ್ಟೆ. ಮದುವೆಗೆ ಬಂದಿದ್ದ ಇನ್ನಿಬ್ಬರು ಲಾರಿ ಹುಡುಗರು ಬಾಗಿಲಲ್ಲಿ ನಿಂತು ನಗಾಡುತ್ತಿದ್ದರು. ಅವರ ಮದುವೆಯೂ ಗೊತ್ತಾಗಿತ್ತು.

ದಾಕ್ಷಾಯಣಮ್ಮ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅವರ ಎದುರಿಗೆ ಹೋಗಿ ನಿಂತಳು.

‘ಏನ್ರಲಾ, ರಕ್ತ ತೋರಿಸಿದ್ರಾ?’

‘ನಮಗೇನಾಗೈತಜ್ಜಿ? ಒಸಿ ಇಂಜಿನ್ ಕಾವು, ಅಷ್ಟೇಯ.’

‘ಇಂಜಿನ್ ಕಾವು ನೋಡಿದೀನಿ ಕಣ್ಲಾ ನಾನು, ಎರಡು ಸಲ, ಬಟ್ಟೆ ಸುತ್ತಿ. ನಮ್ಮ ಪರ್ವತಯ್ಯ ತೋರಿಸ್ಕೊಂಡು ಬಂದೇ ಈ ತಟ್ಟೆ ಮುಂದೆ ಕೂತಿರೋದು. ನೀವೂ ಸೋಮವಾರ ಮದ್ದಗಿರಿಗೆ ಹೋಗಿ. ಹೋಗಲಿಲ್ಲ ಅಂದ್ರೆ ನಾನೇ ಮೂಟೆ ಮೇಲೆ ಕೂತ್ಕೊಂಡು ಕರ್ಕೊಂಡು ಹೋಗ್ತೀನಿ, ಆರತಿ ತಟ್ಟೆ ಸಮೇತ.’

ಒಳಗಿದ್ದ ಖಲೀಲುಲ್ಲಾ, ‘ಹಾರನ್ ನಾನು ಹೊಡಿತೀನಿ’ ಅಂದ.

ಅಷ್ಟರಲ್ಲಿ ಅಜ್ಜಿಯ ಸೊಂಟದಿಂದ ಜಾರಿ ಇಳಿದಿದ್ದ ಕೂಸು ಅಂಬೆಗಾಲಿಟ್ಟುಕೊಂಡು ಹೋಗಿ ಹೊಸ ಮದುಮಕ್ಕಳ ತಟ್ಟೆಗೆ ಕೈ ಹಾಕಿತು. ‘ಅಯ್ಯೋ ಎತ್ಕೊಳ್ರಿ, ಭೂಮ’ ಅಂತ ಯಾರೋ ಗದರಿದರು. ಇಂದ್ರಮ್ಮ ಎತ್ತಿಕೊಳ್ಳಲಿಲ್ಲ.

‘ಇರಲಿ ಬುಡ್ರಿ. ಆ ತಟ್ಟೆಯಲ್ಲಿ ಅವಳದ್ದೂ ಒಂದು ಪಾಲೈತೆ’ ಅಂದಳು.