ಕೆಂಪು ದಿಂಬು

“ಎಂತ ಮಾರಾಯ್ತಿ, ನಿನ್ನ ದಿಂಬು ಇಷ್ಟು ಗಟ್ಟಿ?”

ಸೋಫಾದ ಮೇಲೆ ಅಡ್ಡವಾಗಿದ್ದ ಪ್ರಫುಲ್ಲಾ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿದರು. ಪಾತ್ರೆ ತೊಳೆಯುತ್ತಿದ್ದ ನಿರುಪಮಾಳ ಕೈ ನಿಂತಿತು. ಆ ಕೆಂಪು ದಿಂಬನ್ನು ಬೆಳಿಗ್ಗೆಯೇ ಒಳಗಿಡಬೇಕೆಂದುಕೊಂಡು ಮರೆತಿದ್ದಳು.

“ಹತ್ತಿ ಗಂಟು ಕಟ್ಟಿದೆ ಅತ್ತೆ. ಬೇರೆ ಕೊಡ್ತೀನಿ.”

“ಬೇಡ, ಇರ್ಲಿ. ಎರಡು ಗಂಟೆ ಕಾರಲ್ಲಿ ಕೂತು ಕುತ್ತಿಗೆಯೇ ಸತ್ತು ಹೋಗಿದೆ. ಅದಕ್ಕೆ ಎಂತ ಗಟ್ಟಿ, ಎಂತ ಮೆತ್ತಗೆ.”

ಆ ಪರದೇಶದಲ್ಲೇ ಇನ್ನೊಂದು ಊರಾದ ಡೈಮಂಡ್ ಬಾರ್‌ನಿಂದ ಅವರು ಬಂದದ್ದು ಕರಿಮಣಿಗಾಗಿ. ಮಗ ಸುಶಾಂತ್ ತೀರಿಹೋಗಿ ವರ್ಷ ತುಂಬಿತ್ತು. ಸೊಸೆ ಕೊರಳಿನಿಂದ ತೆಗೆದಿಟ್ಟ ಕರಿಮಣಿಯನ್ನು ಉಡುಪಿಗೆ ಒಯ್ದು ದೇವರ ಹುಂಡಿಗೆ ಹಾಕುವುದೆಂದು ಮನೆಯವರು ತೀರ್ಮಾನಿಸಿದ್ದರು. ಅದು ಕಳೆದುಹೋಗಿದೆಯೆಂದು ನಿರುಪಮಾ ಫೋನಿನಲ್ಲಿ ಹೇಳಿದ್ದಳು. “ಇಬ್ಬರೂ ಸೇರಿ ಹುಡುಕುವ” ಎಂದು ಅತ್ತೆ ಹೊರಟೇ ಬಂದರು. ಬೆಳಗಿನಿಂದ ಕಪಾಟು, ಸೂಟ್‌ಕೇಸ್, ಅಕ್ಕಿಯ ಡಬ್ಬಿ ಎಲ್ಲ ಆಗಿತ್ತು. ಮಗನ ಬೂಟುಗಳೊಳಗೂ ಕೈ ಹಾಕಿ ನೋಡಿದ್ದರು. ಆಮೇಲೆ ಅವನ್ನು ಜೋಡಿಸಿಡುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿದ್ದರು.

“ನಿನ್ನ ಥೀಸಿಸ್ ಎಲ್ಲಿಗೆ ಬಂತು? ಅದೇ, ಆ ಸತ್ತ ರಾಣಿಯರದ್ದು.”

“ಹಂಗೇರಿ ರಾಣಿಯರದ್ದು ಅತ್ತೆ.”

“ಒಂದು ಕಥೆ ಹೇಳು ನೋಡುವ. ನಿದ್ರೆ ಬರುವ ಹಾಗಿನದ್ದು.”

ವರ್ಷದಿಂದ ಅವಳನ್ನು ಯಾರೂ ಆ ರಾಣಿಯರ ಬಗ್ಗೆ ಕೇಳಿರಲಿಲ್ಲ. ಕೇಳುತ್ತಿದ್ದವನು ಸುಶಾಂತ್ ಒಬ್ಬನೇ. ನಿರುಪಮಾ ಕೈ ಒರೆಸಿಕೊಂಡು ಸೋಫಾದ ಪಕ್ಕ ನೆಲದ ಮೇಲೆ ಕೂತಳು.

“ಎಲಿಸಬೆತ್ ಅಂತ. ಸುಮಾರು ಆರುನೂರು ವರ್ಷದ ಹಿಂದೆ. ಗಂಡ ತೀರಿಕೊಂಡಾಗ ಬಸುರಿ. ಇನ್ನೊಬ್ಬ ರಾಜನ್ನ ಮದುವೆ ಆಗು ಅಂತ ಸಾಮಂತರೆಲ್ಲ ಹಟ ಹಿಡಿದ್ರು. ಹುಟ್ಟೋ ಮಗುಗೇ ಕಿರೀಟ ಸಿಗಲಿ ಅಂತ, ಸಖಿ ಕೈಲಿ ಕೋಟೆಯಿಂದ ಅದನ್ನ ಕದಿಸಿದಳು.”

“ಭಾರೀ ಗಟ್ಟಿಗಿತ್ತಿ! ಕಾವಲಿನವರಿಗೆ ಕಾಣಲಿಲ್ವಾ?”

“ಸಖಿ ಒಂದು ದಿಂಬು ಬಿಚ್ಚಿ, ಒಳಗಿನ ಗರಿ ತೆಗೆದು, ಕಿರೀಟ ಇಟ್ಟು ಹೊಲಿದುಬಿಟ್ಟಳು. ಕೆಂಪು ಮಖಮಲ್ಲಿನ…”

ಅವಳ ಕಣ್ಣು ಅತ್ತೆಯ ತಲೆಯಡಿಯ ದಿಂಬಿನ ಮೇಲೆ ಬಿತ್ತು.

ಪ್ರಫುಲ್ಲಾ ಕಣ್ಣು ಮುಚ್ಚಿಯೇ ಇದ್ದರು. ಕೆನ್ನೆಯಡಿಯ ಬೆರಳುಗಳು ಮಾತ್ರ ದಿಂಬಿನ ಅಂಚಿನುದ್ದಕ್ಕೂ ಮೆಲ್ಲನೆ ಸರಿದು ಒಂದು ಕಡೆ ತಂಗಿದವು.

“ಆಮೇಲೆ?”

“ಹೆಪ್ಪುಗಟ್ಟಿದ ನದಿ ದಾಟಿ ತಂದುಕೊಟ್ಟಳು.”

“ಮಗು?”

“ಹುಟ್ತು. ಗಂಡು.”

“ಪುಣ್ಯವಂತೆ,” ಎಂದರು ಪ್ರಫುಲ್ಲಾ.

ಕಿಟಕಿಯಾಚೆ ಯೂನಿವರ್ಸಿಟಿಯ ಬಸ್ಸು ನಿಂತು, ಹೊರಟಿತು. ಅವರು ಎದ್ದು ಕೂತು ಕನ್ನಡಕ ಹಾಕಿಕೊಂಡರು. ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅಂಚನ್ನು ಬೆಳಕಿಗೆ ಹಿಡಿದರು.

“ಕೆಂಪು ಬಟ್ಟೆಗೆ ಯಾರಾದರೂ ಬಿಳಿ ನೂಲು ಹಾಕ್ತಾರಾ? ಕೋಳಿ ಕೆದರಿದ ಹಾಗೆ ಉಂಟು ನಿನ್ನ ಹೊಲಿಗೆ. ಕೆಂಪು ನೂಲು ಉಂಟಾ?”

ನಿರುಪಮಾ ಒಳಗಿನಿಂದ ಕೆಂಪು ನೂಲು ತಂದು, ಸೂಜಿಗೆ ಪೋಣಿಸಿ ಕೊಟ್ಟಳು.

ಹೊಲಿಗೆಯ ಸಂದಿಯಲ್ಲಿ ಎರಡು ಕರಿಮಣಿಗಳು ಇಣುಕಿದ್ದವು. ಪ್ರಫುಲ್ಲಾ ಅವನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ಒತ್ತೊತ್ತಾಗಿ ಹೊಲಿಯತೊಡಗಿದರು. ಕೊನೆಗೆ ನೂಲನ್ನು ಹಲ್ಲಿನಿಂದ ಕಡಿದು, ದಿಂಬನ್ನು ಎರಡು ಸಲ ತಟ್ಟಿ, ಗಟ್ಟಿಯಿದ್ದ ಕಡೆಗೇ ಕೆನ್ನೆಯಿಟ್ಟು ಮಲಗಿದರು.